ಅಡಿಕೆ ತೋಟದಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್: ಒಂದು ಸೀಸನ್ ಪಾಸಿನ ರಿವ್ಯೂ

ಮೊದ್ಲೇ ಹೇಳಿಬಿಡ್ತೇನೆ, 5ರಲ್ಲಿ 3 ಸ್ಟಾರ್. ಆ ಮೂರರಲ್ಲೂ ಒಂದು ಸ್ಟಾರ್ ಆಪಿಗೆ ಸೇರಿದ್ದಲ್ಲ, ಹ್ಯೂಸ್ಟನ್ ಟೀಮಿಗೆ ಸೇರಿದ್ದು, ಅದು ಯಾಕೆ ಅಂತ ಆಮೇಲೆ ಹೇಳ್ತೇನೆ.

2024ರ ನವೆಂಬರಲ್ಲಿ ತಗೊಂಡದ್ದು ನಾನು ಈ ಪಾಸ್. ಅಮೆರಿಕದ ಕಾಲೇಜ್ ಬಾಸ್ಕೆಟ್‌ಬಾಲ್ ಮ್ಯಾಚುಗಳನ್ನ ಲೈವ್ ತೋರಿಸೋ ಸ್ಟ್ರೀಮಿಂಗ್ ಆಪ್. ಹೆಸರು ಹೇಳೋದಿಲ್ಲ, ಅವರ ಕಸ್ಟಮರ್ ಕೇರಿನ ಜೊತೆ ನನ್ನ ಒಂದು ರಗಳೆ ಇನ್ನೂ ನಡೀತಾ ಉಂಟು, ಮಧ್ಯದಲ್ಲಿ ಹೆಸರು ಹಾಕಿ ಸುಮ್ನೆ ಜಗಳ ಜಾಸ್ತಿ ಮಾಡ್ಕೊಳ್ಳೋದು ಬೇಡ. ಎರಡು ಥರದ ಪ್ಯಾಕ್ ಉಂಟು ಇದ್ರಲ್ಲಿ, ಒಂದು ಎಲ್ಲಾ ಕಾನ್ಫರೆನ್ಸಿನದ್ದು (ಕಾನ್ಫರೆನ್ಸ್ ಅಂದ್ರೆ ಟೀಮುಗಳ ಗುಂಪು), ಅದ್ರ ರೇಟ್ ನೋಡಿದ್ರೆ ತಲೆ ತಿರುಗ್ತದೆ, ಇನ್ನೊಂದು ಯಾವ್ದಾದ್ರೂ ಒಂದೇ ಕಾನ್ಫರೆನ್ಸಿನದ್ದು, ಅದಕ್ಕೆ ಏಳೆಂಟು ಕಿಲೋ ಚಾಲಿ ಅಡಿಕೆಯ ದುಡ್ಡಾಗ್ತದೆ. ನಾನು ತಗೊಂಡದ್ದು ಎರಡನೇದು. ಮನೆಯಲ್ಲಿ ರೇಟ್ ಹೇಳಲಿಲ್ಲ, ಈಗ ಇದನ್ನ ಓದಿ ಗೊತ್ತಾದ್ರೆ ಆಗ್ಲಿ.

ನಮ್ಮ ಮನೆ ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ. ಗುಡ್ಡದ ಈ ಬದಿಯಲ್ಲಿ ನಿಂತ್ರೆ ಮೊಬೈಲು ಕೇರಳ, ಆ ಬದಿಗೆ ಹೋದ್ರೆ ಕರ್ನಾಟಕ. ಅಮೆರಿಕದಲ್ಲಿ ನನ್ನ ಟೀಮ್ ಇರೋ ಊರಲ್ಲಿ ರಾತ್ರಿ 7 ಗಂಟೆಗೆ ಮ್ಯಾಚ್ ಶುರುವಾದ್ರೆ ನಮಗೆ ಬೆಳಿಗ್ಗೆ 6.30, ಹಾಗಾಗಿ ಇದೊಂದು ಆಟ ಮಾತ್ರ ತೋಟದ ಕೆಲಸಕ್ಕೆ ಸರೀ ಹೊಂದ್ತದೆ. ಜನವರಿಯಿಂದ ನೀರು ಬಿಡೋ ಕೆಲಸ ಇರ್ತದಲ್ಲ, ಪಂಪ್ ಸ್ಟಾರ್ಟ್ ಮಾಡಿ ಒಂದು ಬದಿಯ ಗೇಟ್‌ವಾಲ್ವ್ ಬಿಟ್ರೆ ಮುಕ್ಕಾಲು ಗಂಟೆ ಆ ಜೆಟ್ಟುಗಳು ತಿರುಗ್ತಾ ಇರ್ತವೆ, ಅಷ್ಟರಲ್ಲಿ ಫಸ್ಟ್ ಹಾಫ್ ಮುಗೀತದೆ, ಹೋಗಿ ಇನ್ನೊಂದು ವಾಲ್ವ್ ತಿರುಗಿಸಿ ಬಂದ್ರೆ ಸೆಕೆಂಡ್ ಹಾಫ್. ಪಂಪ್ ಶೆಡ್ಡಿನ ಗೋಡೆಗೆ ಒಂದು ಮೊಳೆ ಹೊಡೆದು ಮೊಬೈಲ್ ನೇತಾಡಿಸ್ಲಿಕ್ಕೆ ಜಾಗ ಮಾಡಿದ್ದೇನೆ. ಕೆಲಸಕ್ಕೆ ಬರೋ ಅಣ್ಣ ಮೊದಮೊದಲು ಕಬಡ್ಡಿ ಅಂದ್ಕೊಂಡು ಹತ್ರ ಬಂದು ಇಣುಕ್ತಾ ಇದ್ರು, ಕಬಡ್ಡಿ ಅಲ್ಲ ಅಂತ ಗೊತ್ತಾದ ಮೇಲೆ ಆ ಕಡೆ ತಿರುಗಿಯೂ ನೋಡ್ಲಿಲ್ಲ.

ಕಾಸರಗೋಡಿನವನಿಗೆ ಅಮೆರಿಕದ ಕಾಲೇಜ್ ಆಟದ ಹುಚ್ಚು ಎಲ್ಲಿಂದ ಅಂತ ಕೇಳಿದ್ರೆ, ನಾನು 2012ರಿಂದ 2014ರ ತನಕ ವಿಚಿಟಾದಲ್ಲಿ ಎಂಎಸ್ ಮಾಡಿದವ. ಕ್ಯಾನ್ಸಸ್ ರಾಜ್ಯ, ಎಲ್ಲಿ ನೋಡಿದ್ರೂ ಚಪ್ಪಟೆ, ಒಂದು ಗುಡ್ಡ ನೋಡ್ಲಿಕ್ಕೆ ಸಿಕ್ಕೂದಿಲ್ಲ. ವಿಚಿಟಾ ಸ್ಟೇಟ್ ಟೀಮಿನ ಹೆಸರು ಶಾಕರ್ಸ್. ಶಾಕ್ ಅಂದ್ರೆ ಕರೆಂಟ್ ಶಾಕ್ ಅಲ್ಲ ಮಾರಾಯ್ರೆ, ಗೋಧಿ ಕೊಯ್ದು ಕಟ್ಟು ಮಾಡಿ ಗದ್ದೆಯಲ್ಲಿ ನಿಲ್ಲಿಸ್ತಾರಲ್ಲ, ನಮ್ಮಲ್ಲಿ ಭತ್ತದ ಸೂಡಿ ಇದ್ದ ಹಾಗೆ, ಅದು. ಅದೇ ಕಾರಣಕ್ಕೆ ನನಗೆ ಮೊದಲ ದಿನವೇ ಆ ಟೀಮಿನ ಮೇಲೆ ಒಂದು ಮಮತೆ ಹುಟ್ಟಿತು. ಅಲ್ಲಿ ಅಮೆರಿಕನ್ ಫುಟ್‌ಬಾಲ್ ಟೀಮೇ ಇಲ್ಲ, 1986ರಲ್ಲೇ ನಿಲ್ಲಿಸಿದ್ದಾರೆ, ಹಾಗಾಗಿ ಊರಿಡೀ ಬಾಸ್ಕೆಟ್‌ಬಾಲಿಗೇ ನಿಂತದ್ದು. ಕೋಕ್ ಅರೀನಾ ಅಂತ ಉರುಟಿನ ಸ್ಟೇಡಿಯಂ, ಹತ್ತು ಸಾವಿರಕ್ಕೂ ಜಾಸ್ತಿ ಜನ ಒಳಗೆ, ಆ ಬೊಬ್ಬೆ ಕೇಳಿದ್ರೆ ನಮ್ಮ ಕ್ಷೇತ್ರದ ಜಾತ್ರೆಯ ಸುಡುಮದ್ದೂ ಸಣ್ಣದು ಅನ್ನಿಸ್ತದೆ.

ನನ್ನ ಪುಣ್ಯ ನೋಡಿ, ನಾನಿದ್ದ ಎರಡು ವರ್ಷವೇ ಆ ಟೀಮಿನ ಸುವರ್ಣಕಾಲ. 2013ರಲ್ಲಿ ಫೈನಲ್ ಫೋರ್, ಅಂದ್ರೆ ಇಡೀ ದೇಶದ ಕೊನೆಯ ನಾಲ್ಕು ಟೀಮಿನಲ್ಲಿ ಒಂದು, ಅಲ್ಲಿ ಲೂಯಿವಿಲ್ ಎದುರು 72-68ಕ್ಕೆ ಸೋತದ್ದು. ಮರುವರ್ಷ ಒಂದೇ ಒಂದು ಮ್ಯಾಚ್ ಸೋಲದೆ 35-0. ಆಮೇಲೆ 2014ರ ಮಾರ್ಚಲ್ಲಿ ಕೆಂಟಕಿ ಎದುರು 78-76, ಕೊನೆಯ ಕ್ಷಣಕ್ಕೆ ಫ್ರೆಡ್ ವ್ಯಾನ್‌ವ್ಲೀಟ್ ಎಸೆದ ತ್ರೀ ಪಾಯಿಂಟರ್ ರಿಮ್ಮಿಗೆ ಹೊಡೆದು ಹೊರಗೆ ಬಿತ್ತು. ಅವನೇ ಮುಂದೆ ಟೊರಾಂಟೊದಲ್ಲಿ 2019ರಲ್ಲಿ ಎನ್‌ಬಿಎ ಅನ್ನೋ ಪ್ರೊಫೆಶನಲ್ ಲೀಗಿನ ಚಾಂಪಿಯನ್‌ಶಿಪ್ ಗೆದ್ದದ್ದು. ಕೆಂಟಕಿ ಎದುರು ಸೋತ ಆ ರಾತ್ರಿ ನಾವು ನಾಲ್ಕು ಜನ ರೂಮ್‌ಮೇಟ್‌ಗಳು ಅನ್ನ ಸಾರು ಮಾಡಿಟ್ಟದ್ದನ್ನ ಯಾರೂ ಮುಟ್ಲಿಲ್ಲ.

ಈಗ ಈ ಕಾನ್ಫರೆನ್ಸ್ ಅಂದ್ರೆ ಎಂತ ಅಂತ ಹೇಳ್ಬೇಕು, ಇಲ್ಲದಿದ್ರೆ ಈ ಪಾಸಿನ ಕಥೆ ಅರ್ಥ ಆಗೂದಿಲ್ಲ. ಅಲ್ಲಿ ಮೊದಲ ದರ್ಜೆಯ ಕಾಲೇಜ್ ಟೀಮುಗಳೇ 350ಕ್ಕೂ ಜಾಸ್ತಿ ಉಂಟು. ಅವೆಲ್ಲ ಮೂವತ್ತು ಚಿಲ್ಲರೆ ಗುಂಪು ಮಾಡ್ಕೊಂಡಿವೆ, ಆ ಗುಂಪಿಗೆ ಕಾನ್ಫರೆನ್ಸ್ ಅಂತ ಹೆಸರು. ಜನವರಿಯಿಂದ ಮಾರ್ಚ್ ತನಕ ಹೆಚ್ಚುಕಮ್ಮಿ ಎಲ್ಲಾ ಮ್ಯಾಚೂ ನಿಮ್ಮ ಗುಂಪಿನವರ ಜೊತೆಗೇ. ಮಾರ್ಚಲ್ಲಿ ದೊಡ್ಡ ಟೂರ್ನಮೆಂಟ್, 2025ರಲ್ಲಿ ಅದಕ್ಕೆ 68 ಟೀಮ್. ಪ್ರತಿ ಗುಂಪಿನ ಚಾಂಪಿಯನ್ ಸೀದಾ ಒಳಗೆ, ಉಳಿದ ಜಾಗಕ್ಕೆ ಒಂದು ಕಮಿಟಿ ಕೂತು ಆರಿಸ್ತದೆ. ಕಮಿಟಿ ನೋಡೋದು ನೀವು ಎಷ್ಟು ಗೆದ್ರಿ ಅಂತ ಮಾತ್ರ ಅಲ್ಲ, ಯಾರನ್ನ ಎಲ್ಲಿ ಗೆದ್ರಿ ಅಂತ. ಈಗಿನ ಲೆಕ್ಕದಲ್ಲಿ ಮೊದಲ 30 ರ‍್ಯಾಂಕಿನ ಒಳಗಿನ ಟೀಮನ್ನ ನಿಮ್ಮ ಅಂಗಳದಲ್ಲಿ ಸೋಲಿಸಿದ್ರೆ ಎಷ್ಟು ತೂಕವೋ, 75ರ ಒಳಗಿನವರನ್ನ ಅವರ ಅಂಗಳಕ್ಕೇ ಹೋಗಿ ಸೋಲಿಸಿದ್ರೆ ಅಷ್ಟೇ ತೂಕ. ಸಣ್ಣ ಗುಂಪಲ್ಲಿದ್ರೆ ಅಂಥ ಟೀಮು ಪಕ್ಕದಲ್ಲಿ ಸಿಕ್ಕೂದೇ ಇಲ್ಲ, ವರ್ಷಕ್ಕೆ ಎರಡೋ ಮೂರೋ ಚಾನ್ಸ್. ಇನ್ನೊಂದು ವಿಷ್ಯ, ಟಿವಿ ಕಾಂಟ್ರಾಕ್ಟ್ ಮಾಡೋದು ಟೀಮ್ ಅಲ್ಲ, ಕಾನ್ಫರೆನ್ಸ್. ಹಾಗಾಗಿ ನಿಮ್ಮ ಟೀಮು ಗುಂಪು ಬದಲಾಯಿಸಿದ್ರೆ ನೋಡೋ ನಿಮ್ಮ ಪ್ಯಾಕೂ ಬದಲಾಗ್ಬೇಕು.

ವಿಚಿಟಾ 1945ರಿಂದ ಮಿಸೌರಿ ವ್ಯಾಲಿ ಅನ್ನೋ ಗುಂಪಲ್ಲಿ ಇದ್ದದ್ದು. ಡ್ರೇಕ್, ಇಂಡಿಯಾನಾ ಸ್ಟೇಟ್, ಇವ್ರೆಲ್ಲ ಅಕ್ಕಪಕ್ಕದವರು. 35-0 ಮಾಡಿದ ವರ್ಷ ಅದೇ ಗುಂಪಿಂದ ನಂಬರ್ 1 ಸೀಡ್ (ದೊಡ್ಡ ಟೂರ್ನಮೆಂಟಿಗೆ ಕಮಿಟಿ ಕೊಡೋ ರ‍್ಯಾಂಕು) ಸಿಕ್ಕಿತ್ತು, ಅಂದ್ರೆ ಒಂದೂ ಸೋಲದೇ ಇದ್ರೆ ಗುಂಪು ಸಣ್ಣದಾದ್ರೂ ಕೇಳ್ತಾರೆ. ಆದ್ರೆ 2017ರಲ್ಲಿ 30 ಗೆದ್ದು 4 ಸೋತು ಹೋದ್ರೆ ಕಮಿಟಿ ಕೊಟ್ಟದ್ದು 10ನೇ ಸೀಡ್. ಹತ್ತು! ಆ ಟೀಮು ಡೇಟನ್‌ನ್ನ ಸೋಲಿಸಿ ಕೆಂಟಕಿ ಎದುರು ಬರೀ 3 ಪಾಯಿಂಟಿಗೆ ಸೋತದ್ದು, ಹತ್ತನೇ ಸೀಡಿನವ್ರು ಆಡೋ ಆಟವಾ ಅದು? ಊರಿನವರ ಮಂಡೆ ಬಿಸಿ ಆಯ್ತು, ಆ ಎಪ್ರಿಲಲ್ಲೇ ನಿರ್ಧಾರ, 72 ವರ್ಷದ ಗುಂಪು ಬಿಟ್ಟು ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸಿಗೆ ಸೇರಿದ್ರು. ಅಲ್ಲಿ ಕನೆಕ್ಟಿಕಟ್ ಇತ್ತು, ಸಿನ್ಸಿನಾಟಿ, ಹ್ಯೂಸ್ಟನ್, ಮೆಂಫಿಸ್. ನಾನೂ ಆಗ ಪೆರ್ಲದಲ್ಲಿ ಕೂತು ಫೇಸ್‌ಬುಕ್ಕಲ್ಲಿ ಹಾರ್ಟ್ ಒತ್ತಿದವನೇ, ಇನ್ನು ಪ್ರತಿ ವರ್ಷ ಫೈನಲ್ ಫೋರ್ ಅಂತ.

ಆಮೇಲೆ ಆದದ್ದು ಕೇಳಿ. ಮೊದಲ ವರ್ಷ ಚೆನ್ನಾಗಿತ್ತು, 2018ರಲ್ಲಿ ಆಸೆಪಟ್ಟ ಹಾಗೇ 4ನೇ ಸೀಡ್ ಸಿಕ್ಕಿತು, ಸಿಕ್ಕಿ ಮೊದಲ ಮ್ಯಾಚಲ್ಲೇ 13ನೇ ಸೀಡಿನ ಮಾರ್ಷಲ್ ಎದುರು ಸೋತ್ರು. ನಮ್ಮ ಕೋಚಿನ ಹೆಸರೂ ಮಾರ್ಷಲ್ಲೇ, ಆ ದಿನ ಅದ್ರ ಮೇಲೆ ಬಂದ ಜೋಕುಗಳು ಅಷ್ಟಿಷ್ಟಲ್ಲ. ಅದೇ ವರ್ಷ, ಅದೇ ತಿಂಗಳು, ನಾವು ಸಣ್ಣದು ಅಂತ ಬಿಟ್ಟು ಬಂದ ಮಿಸೌರಿ ವ್ಯಾಲಿಯಿಂದ ಲೊಯೋಲಾ ಶಿಕಾಗೊ ಫೈನಲ್ ಫೋರಿಗೆ ಹೋಯ್ತು. ಒಂದು ಟೀಮ್ ಅಷ್ಟು ದೂರ ಹೋದ್ರೆ ಬರೋ ಹಣ ಆರು ವರ್ಷ ಕಂತಲ್ಲಿ ಆ ಕಾನ್ಫರೆನ್ಸಿಗೆ ಬರ್ತದೆ, ಎಲ್ಲರೂ ಹಂಚ್ಕೊಳ್ತಾರೆ. ನಾವು ಆ ಪಂಕ್ತಿಯಿಂದ ಎದ್ದು ಬಂದು ವರ್ಷ ಆಗಿರ್ಲಿಲ್ಲ, ಅಲ್ಲಿ ಹೋಳಿಗೆ ಬಡಿಸ್ಲಿಕ್ಕೆ ಶುರು ಮಾಡಿದ್ರು.

2020ರ ನವೆಂಬರಲ್ಲಿ ಕೋಚ್ ಗ್ರೆಗ್ ಮಾರ್ಷಲ್ ರಾಜೀನಾಮೆ ಕೊಟ್ಟು ಹೋದ್ರು. ಹಾಗಿದ್ರೂ ಆ ಸೀಸನ್ ಹೊಸಬ ಐಸಾಕ್ ಬ್ರೌನ್ ಕೈಯಲ್ಲಿ ಕಾನ್ಫರೆನ್ಸ್ ಲೀಗಲ್ಲಿ ಮೊದಲನೇ ಸ್ಥಾನ, ದೊಡ್ಡ ಟೂರ್ನಮೆಂಟಿಗೂ ಹೋದ್ರು, 2021ರ ಮಾರ್ಚಲ್ಲಿ ಬಾಗಿಲ ಹತ್ರದ ಮ್ಯಾಚಲ್ಲೇ 53-52ಕ್ಕೆ ಸೋತ್ರು. ಯಾರ ಎದುರು? ಡ್ರೇಕ್ ಎದುರು! ನಾವು ಬಿಟ್ಟು ಬಂದ ಪಕ್ಕದ ಮನೆಯವರು! ಅದಾದ ಮೇಲೆ 2022, 23, 24, 25, ನಾಲ್ಕು ಮಾರ್ಚ್ ಹೋಯ್ತು, ನಮ್ಮ ಹೆಸರು 68ರಲ್ಲಿ ಇಲ್ಲ. ಅತ್ತ ದೊಡ್ಡ ಮನೆ ಅಂತ ಹೋಗಿ ಸೇರಿದ್ವಲ್ಲ, ಆ ಮನೆಯವ್ರೂ ಒಬ್ಬೊಬ್ರೇ ಗಂಟುಮೂಟೆ ಕಟ್ಟಿದ್ರು. ಕನೆಕ್ಟಿಕಟ್ 2020ರಲ್ಲಿ ತನ್ನ ಹಳೆ ಗುಂಪು ಬಿಗ್ ಈಸ್ಟಿಗೆ ವಾಪಾಸ್, 2023ರಲ್ಲಿ ಹ್ಯೂಸ್ಟನ್, ಸಿನ್ಸಿನಾಟಿ, ಸೆಂಟ್ರಲ್ ಫ್ಲೋರಿಡಾ ಮೂರೂ ಬಿಗ್ 12 ಅನ್ನೋ ದೊಡ್ಡ ಗುಂಪಿಗೆ. ನಾವು ಯಾರ ಜೊತೆ ಆಡ್ಬೇಕು ಅಂತ ಹೋದ್ವೋ ಅವರೇ ಇಲ್ಲ.

ಇಲ್ಲಿಗೆ ಆಪಿನ ವಿಷಯ ಬರ್ತದೆ. ನಾನು ಅಮೆರಿಕನ್ ಕಾನ್ಫರೆನ್ಸಿನ ಪ್ಯಾಕ್ ತಗೊಂಡು, ನನ್ನ ಟೀಮ್ ಅಂತ ವಿಚಿಟಾವನ್ನ ಸೆಟ್ ಮಾಡಿದ್ದೆ. ಟೀಮಿನ ಪೇಜ್ ಓಪನ್ ಮಾಡಿದ್ರೆ ಮೇಲೆ ಬರ್ದದ್ದು ಮಿಸೌರಿ ವ್ಯಾಲಿ! ಏಳು ವರ್ಷ ಆಗಿದೆ ಬಿಟ್ಟು, ಯಾರೂ ಅಪ್‌ಡೇಟ್ ಮಾಡಿಲ್ಲ. ಮ್ಯಾಚ್ ಒತ್ತಿದ್ರೆ ಈ ಕಂಟೆಂಟ್ ನಿಮ್ಮ ಪ್ಯಾಕಲ್ಲಿ ಇಲ್ಲ ಅಂತ ಬರ್ತದೆ. ಕಾನ್ಫರೆನ್ಸ್ ಪೇಜಿಂದ ಹೋದ್ರೆ ಅದೇ ಮ್ಯಾಚ್ ಓಪನ್ ಆಗ್ತದೆ. ಚಾಟಲ್ಲಿ ಕಂಪ್ಲೇಂಟ್ ಹಾಕಿದೆ.

ಅವರು: ಸರ್, ನಿಮ್ಮ ಟೀಮ್ ಯಾವ ಕಾನ್ಫರೆನ್ಸ್?
ನಾನು: ಅಮೆರಿಕನ್.
ಅವರು: ನಮ್ಮ ಸಿಸ್ಟಮಲ್ಲಿ ಮಿಸೌರಿ ವ್ಯಾಲಿ ತೋರಿಸ್ತಾ ಉಂಟು ಸರ್.
ನಾನು: ನಿಮ್ಮ ಸಿಸ್ಟಮ್ 2017ರಲ್ಲೇ ನಿಂತಿದೆ.
ಅವರು: ಸರ್, ಮಿಸೌರಿ ವ್ಯಾಲಿ ಪ್ಯಾಕಿಗೆ ಅಪ್‌ಗ್ರೇಡ್ ಮಾಡ್ತೀರಾ?

ಅಪ್‌ಗ್ರೇಡ್ ಅಂತೆ. ನಮ್ಮ ಟೀಮು ಲಕ್ಷಗಟ್ಟಲೆ ಡಾಲರ್ ಖರ್ಚು ಮಾಡಿ ಎದುರು ದಿಕ್ಕಿಗೆ ಮಾಡಿದ ಕೆಲಸವನ್ನ ಇವ ಏಳೆಂಟು ಕಿಲೋ ಅಡಿಕೆಯಲ್ಲಿ ಉಲ್ಟಾ ಮಾಡ್ತೇನೆ ಅಂತಾನೆ. ಮತ್ತೆ ಗೊತ್ತಾಯ್ತು, 2013-14ರ ಹಳೆ ಮ್ಯಾಚುಗಳು, ಆ 35-0, ಅದೆಲ್ಲ ಇರೋದೂ ಮಿಸೌರಿ ವ್ಯಾಲಿಯ ಪ್ಯಾಕಲ್ಲೇ. ನನ್ನ ಟೀಮಿನ ಒಳ್ಳೆ ಕಾಲ ನೋಡ್ಬೇಕಾದ್ರೆ ಬೇರೆ ಪ್ಯಾಕಿಗೆ ದುಡ್ಡು ಕೊಡ್ಬೇಕು, ಕೆಟ್ಟ ಕಾಲ ಮಾತ್ರ ನನ್ನ ಪ್ಯಾಕಲ್ಲಿ ಸೇರಿಯೇ ಉಂಟು. ಈ ಕಂಪ್ಲೇಂಟೇ ಇನ್ನೂ ನಡೀತಾ ಇರೋದು.

ನಮ್ಮ ಭಾವ ಒಬ್ರು ಕನೆಕ್ಟಿಕಟಲ್ಲಿ ಇದ್ದಾರೆ, ಹಾರ್ಟ್‌ಫರ್ಡ್ ಹತ್ರ. ಅವರ ಪ್ರಕಾರ ಕಾನ್ಫರೆನ್ಸೇ ಎಲ್ಲಾ. "ನೀನು ನೋಡು ಭಾವ, ನಮ್ಮವ್ರು ಬಿಗ್ ಈಸ್ಟ್ ಬಿಟ್ಟಾಗ ಲಗಾಡಿ ಹೋದ್ರು, ವಾಪಾಸ್ ಬಂದ ಕೂಡ್ಲೇ 2023, 2024 ಎರಡು ವರ್ಷ ಸಾಲಾಗಿ ಕಪ್ ಗೆದ್ರು." ಮಾತು ಕೇಳ್ಲಿಕ್ಕೆ ಚೆಂದ ಉಂಟು. ಆದ್ರೆ ಅವರು ಹೇಳದೇ ಬಿಡೋದು, ಬಿಗ್ ಈಸ್ಟ್ ಬಿಟ್ಟ ಮೊದಲ ವರ್ಷ, 2014ರಲ್ಲಿ, ಅದೇ ಅಮೆರಿಕನ್ ಕಾನ್ಫರೆನ್ಸಿನಿಂದಲೇ ಕನೆಕ್ಟಿಕಟ್ ಕಪ್ ಗೆದ್ದದ್ದು. ಅದು ಹೇಳಿದ್ರೆ "ಅದು ಬಿಗ್ ಈಸ್ಟ್ ಕಾಲದ ಹಳೆ ಹುಡುಗ್ರು" ಅಂತಾರೆ. ಅದೇ ನಾನೂ ಹೇಳೋದು, ಹುಡುಗ್ರು! ಮತ್ತೆ ಡ್ಯಾನ್ ಹರ್ಲಿ ಅನ್ನೋ ಕೋಚ್ ಬಂದದ್ದು 2018ರಲ್ಲಿ, ವಾಪಾಸ್ ಹೋಗೋದಕ್ಕೆ ಎರಡು ವರ್ಷ ಮೊದಲೇ. ಒಂದು ವಿಷ್ಯ ಮಾತ್ರ ಭಾವನದ್ದು ಸರಿ, ನ್ಯೂಯಾರ್ಕ್, ನ್ಯೂಜೆರ್ಸಿ ಕಡೆಯ ಹುಡುಗ್ರಿಗೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನಲ್ಲಿ ಅಪ್ಪಮ್ಮನ ಎದುರು ಆಡೋ ಆಸೆ ಇರ್ತದೆ, ಟೆಕ್ಸಾಸಿಗೋ ಒಕ್ಲಹೋಮಾಕ್ಕೋ ಹೋಗಿ ಆಡೋ ಕಾನ್ಫರೆನ್ಸಲ್ಲಿದ್ರೆ ಅವರನ್ನ ಕರ್ಕೊಂಡು ಬರೋದು ಕಷ್ಟ. ಇದು ನಾನು ಒಪ್ತೇನೆ. ಫೋನಲ್ಲಿ ಒಪ್ಪೂದಿಲ್ಲ, ಇಲ್ಲಿ ಒಪ್ತೇನೆ.

ನಾನು ಭಾವನಿಗೆ ಹೇಳೋದು ಇಷ್ಟು, ಒಂದೇ ದಿನ ಒಂದೇ ಮನೆಗೆ ಹೋದವ್ರನ್ನ ಸಾಲಾಗಿ ನಿಲ್ಲಿಸಿ ನೋಡಿ. 2023ರ ಜುಲೈಯಲ್ಲಿ ಬಿಗ್ 12ಗೆ ಒಟ್ಟಿಗೆ ಹೋದದ್ದು ನಾಲ್ಕು ಟೀಮ್. ಹ್ಯೂಸ್ಟನ್ ಮೊದಲ ವರ್ಷವೇ 15-3 ಮಾಡಿ ಲೀಗ್ ಗೆದ್ದಿತು, ಎರಡನೇ ವರ್ಷ 19-1. ಬ್ರಿಗಮ್ ಯಂಗ್ 2024ರಲ್ಲೂ 2025ರಲ್ಲೂ ದೊಡ್ಡ ಟೂರ್ನಮೆಂಟಿಗೆ ಬಂತು. ಸಿನ್ಸಿನಾಟಿ, ಸೆಂಟ್ರಲ್ ಫ್ಲೋರಿಡಾ ಎರಡೂ ವರ್ಷ ಹೊರಗೆ. 2013ರಲ್ಲಿ ಹೊಸದಾಗಿ ಕಟ್ಟಿದ ಬಿಗ್ ಈಸ್ಟಿಗೆ ಒಟ್ಟಿಗೆ ಹೋದದ್ದು ಮೂರು, ಬಟ್ಲರ್, ಕ್ರೇಟನ್, ಝೇವಿಯರ್. ಕ್ರೇಟನ್ 2023ರಲ್ಲಿ ಕೊನೆಯ ಎಂಟಕ್ಕೆ ಬಂದು ಒಂದೇ ಪಾಯಿಂಟಿಗೆ ಸೋತಿತು, ಝೇವಿಯರ್ 2018ರಲ್ಲಿ ನಂಬರ್ 1 ಸೀಡ್. ಬಟ್ಲರ್? 2010, 2011 ಎರಡು ವರ್ಷ ಸಾಲಾಗಿ ನ್ಯಾಷನಲ್ ಫೈನಲ್ ಆಡಿದ ಟೀಮು ಅದು, ಹೊರೈಝನ್ ಲೀಗ್ ಅನ್ನೋ ಪುಟ್ಟ ಗುಂಪಿಂದ, 2010ರ ಫೈನಲಲ್ಲಿ ಅರ್ಧ ಕೋರ್ಟಿಂದ ಗಾರ್ಡನ್ ಹೇವರ್ಡ್ ಎಸೆದದ್ದು ಒಳಗೆ ಬಿದ್ದಿದ್ರೆ ಡ್ಯೂಕ್‌ನ್ನ ಸೋಲಿಸಿ ಕಪ್ಪೇ ತರ್ತಾ ಇತ್ತು. ದೊಡ್ಡ ಗುಂಪಿಗೆ ಸೇರಿದ ಅದೇ ತಿಂಗಳು ಕೋಚ್ ಬ್ರಾಡ್ ಸ್ಟೀವನ್ಸ್ ಬಾಸ್ಟನ್ ಸೆಲ್ಟಿಕ್ಸ್ ಅನ್ನೋ ಎನ್‌ಬಿಎ ಟೀಮಿಗೆ ಹೋದ್ರು. ಫೈನಲ್ ಬಿಡಿ, ಫೈನಲ್ ಫೋರಿನ ಹತ್ರವೂ ಮತ್ತೆ ಹೋಗ್ಲಿಲ್ಲ. ಪಿಟ್ಸ್‌ಬರ್ಗ್ ಕಥೆಯೂ ಅದೇ, 2013ರಲ್ಲಿ ಎಸಿಸಿ ಅನ್ನೋ ದೊಡ್ಡ ಗುಂಪಿಗೆ ಹೋಯ್ತು, 2016ರಲ್ಲಿ ಕೋಚ್ ಬಿಟ್ರು, 2017-18ರಲ್ಲಿ ಲೀಗಲ್ಲಿ 0-18.

ನಮ್ಮ ಊರಿನವರಿಗೆ ಇದು ಹೊಸ ವಿಷ್ಯ ಅಲ್ಲ. ಯಕ್ಷಗಾನದ ಮೇಳ ತಿರುಗಾಟಕ್ಕೆ ಹೊರಡ್ತದೆ, ಭಾಗವತರು ಆ ವರ್ಷ ಬೇರೆ ಮೇಳಕ್ಕೆ ಹೋಗಿದ್ದಾರೆ ಅಂದ್ರೆ ನೀವು ರಂಗಸ್ಥಳಕ್ಕೆ ಎಷ್ಟೇ ಲೈಟ್ ಹಾಕಿ, ದೊಡ್ಡ ಊರಲ್ಲೇ ಆಟ ಇಡಿ, ಹತ್ತು ಗಂಟೆಗೆ ಜನ ಚಾಪೆ ಮಡಚ್ತಾರೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯವ್ರು ನಾವು, ಇದನ್ನ ನಮಗೆ ಕ್ಯಾನ್ಸಸಿನವ್ರು ಹೇಳಿ ಕೊಡ್ಬೇಕಾ?

ಹಾಗಂತ ಒಳ್ಳೆ ಭಾಗವತರಿಗೆ ದೊಡ್ಡ ರಂಗಸ್ಥಳ ಸಿಕ್ಕಿದ್ರೆ ಹೇಗಿರ್ತದೆ ಅನ್ನೋದಕ್ಕೆ ಹ್ಯೂಸ್ಟನ್. 1983, 84ರಲ್ಲಿ ಫೈನಲ್ ಆಡಿದ ಟೀಮು, ಆಮೇಲೆ 2018ರ ತನಕ ದೊಡ್ಡ ಟೂರ್ನಮೆಂಟಲ್ಲಿ ಒಂದೇ ಒಂದು ಮ್ಯಾಚ್ ಗೆಲ್ಲಲಿಲ್ಲ. ಮಧ್ಯದಲ್ಲಿ ಎಷ್ಟು ಸಲ ಗುಂಪು ಬದಲಾಯ್ತು, ಎಂತ ಆಯ್ತು? ಎಂತದ್ದೂ ಇಲ್ಲ. 2014ರಲ್ಲಿ ಕೆಲ್ವಿನ್ ಸ್ಯಾಂಪ್ಸನ್ ಬಂದ್ರು, ಟೀಮಿಗೆ ಗೇರ್ ಬಿದ್ದದ್ದು ಅಲ್ಲಿಂದ. 2021ರಲ್ಲಿ ಫೈನಲ್ ಫೋರ್ ಆಡಿದ್ದು ಹಳೆ ಗುಂಪಲ್ಲಿ ಇದ್ದಾಗಲೇ. ಬಿಗ್ 12ಗೆ ಹೋದಾಗ ಅಲ್ಲಿ ಪೆಟ್ಟು ತಿಂತಾರೆ ಅಂತ ಎಲ್ಲರೂ ಹೇಳಿದ್ರು, ಪೆಟ್ಟು ಕೊಟ್ಟದ್ದು ಇವರೇ.

2025ರ ಎಪ್ರಿಲ್ 8, ನಮ್ಮ ಮಂಗಳವಾರ ಬೆಳಿಗ್ಗೆ, ಫೈನಲ್, ಹ್ಯೂಸ್ಟನ್ ಮತ್ತು ಫ್ಲೋರಿಡಾ. ಇಲ್ಲಿ ಆಪಿನ ಇನ್ನೊಂದು ಕಳ್ಳತನ ಕೇಳಿ, ಕಾನ್ಫರೆನ್ಸ್ ಪ್ಯಾಕ್ ಅಂದ್ರೆ ಕಾನ್ಫರೆನ್ಸ್ ಟೂರ್ನಮೆಂಟಿಗೇ ಮುಗೀತು, ಮಾರ್ಚಿನ ದೊಡ್ಡ ಟೂರ್ನಮೆಂಟಿಗೆ ಆಡ್-ಆನ್ ಅಂತ ಬೇರೆ ದುಡ್ಡು. ತಗೊಳ್ಳುವಾಗ ಅದು ಎಲ್ಲೂ ಕಣ್ಣಿಗೆ ಬೀಳೂದಿಲ್ಲ. ನನ್ನ ಟೀಮೇ ಇಲ್ಲದ ಟೂರ್ನಮೆಂಟಿಗೆ ನಾನು ಅದನ್ನೂ ಕೊಟ್ಟೆ. ಹ್ಯೂಸ್ಟನ್ 12 ಪಾಯಿಂಟ್ ಮುಂದೆ ಇತ್ತು, ಫ್ಲೋರಿಡಾ ಹತ್ತಿ ಹತ್ತಿ ಬಂತು, ಕೊನೆಗೆ ಫ್ಲೋರಿಡಾ 65-63 ಮುಂದೆ, ಉಳಿದದ್ದು ಕೆಲವೇ ಸೆಕೆಂಡು, ಬಾಲ್ ಹ್ಯೂಸ್ಟನ್ ಕೈಯಲ್ಲಿ. ಎಮಾನ್ಯುಯೆಲ್ ಶಾರ್ಪ್ ತ್ರೀ ಹೊಡೀಲಿಕ್ಕೆ ಹಾರಿದ, ಎದುರಿಂದ ವಾಲ್ಟರ್ ಕ್ಲೇಟನ್ ಹಾರಿ ಬಂದ, ಹೊಡೆದ್ರೆ ಬ್ಲಾಕ್ ಆಗ್ತದೆ ಅಂತ ಶಾರ್ಪ್ ಗಾಳಿಯಲ್ಲೇ ಬಾಲ್ ಕೈಬಿಟ್ಟ. ಆಗ ನನ್ನ ಸ್ಕ್ರೀನಲ್ಲಿ ಆ ಬಿಳಿ ಉರುಟು ತಿರುಗ್ಲಿಕ್ಕೆ ಶುರು. ಪಂಪ್ ಓಡ್ತಾ ಉಂಟು, ಜೆಟ್ ಟಿಕ್ ಟಿಕ್ ಟಿಕ್ ಅಂತ ತಿರುಗ್ತಾ ಉಂಟು, ಮೊಬೈಲಲ್ಲಿ ಇದೂ ತಿರುಗ್ತಾ ಉಂಟು. ವಾಪಾಸ್ ಬಂದಾಗ ಬಾಲ್ ನೆಲದಲ್ಲಿ ಪುಟೀತಾ ಇತ್ತು, ಶಾರ್ಪ್ ಪಕ್ಕದಲ್ಲೇ ನಿಂತಿದ್ದಾನೆ, ಮುಟ್ಲಿಕ್ಕಿಲ್ಲ, ಹಾರಿದವ ಬಿಟ್ಟ ಬಾಲನ್ನ ಅವನೇ ಮುಟ್ಟಿದ್ರೆ ಟ್ರಾವೆಲ್ ಅನ್ನೋ ತಪ್ಪಾಗ್ತದೆ, ಯಾರಾದ್ರೂ ಬಂದು ತೆಗೀರೋ ಅಂತ ಕಾಯೋ ಹಾಗೆ ನಿಂತದ್ದು, ಅಷ್ಟರಲ್ಲಿ ಫ್ಲೋರಿಡಾದವ ಬಂದು ಮೇಲೆ ಬಿದ್ದ, ಟೈಮ್ ಮುಗೀತು. ನಾನು ಆ ದಿನ ಎರಡನೇ ವಾಲ್ವ್ ತಿರುಗಿಸ್ಲಿಕ್ಕೆ ಮರೆತೆ, ಕೆಳಗಿನ ತೋಟಕ್ಕೆ ನೀರೇ ಹೋಗ್ಲಿಲ್ಲ. ಆ ಒಂದು ಸ್ಟಾರ್ ಹ್ಯೂಸ್ಟನ್ನಿನವರದ್ದು.

ಒಂದು ಅಡ್ಡ ಮಾತು. ಗುಂಪು ಬದಲಾಯಿಸೋದ್ರ ಬಗ್ಗೆ ಕಾಸರಗೋಡಿನವರಿಗೆ ಯಾರೂ ಪಾಠ ಮಾಡ್ಬೇಡಿ. 1956 ನವೆಂಬರ್ 1ಕ್ಕೆ ಊರಿಗೆ ಊರೇ ದಕ್ಷಿಣ ಕನ್ನಡ ಜಿಲ್ಲೆಯ ಗುಂಪಿಂದ ಕೇರಳದ ಗುಂಪಿಗೆ ಹೋಯ್ತು, ಆಡೋ ಹುಡುಗ್ರನ್ನ ಯಾರೂ ಕೇಳ್ಲಿಲ್ಲ, ಅಮೆರಿಕದಲ್ಲೂ ಹಾಗೇ, ಕೇಳೂದಿಲ್ಲ. ಮತ್ತೆ ನಮ್ಮ ಇಲ್ಲಿನ ಕಾಲೇಜುಗಳು ಮೊದಲು ಕ್ಯಾಲಿಕಟ್ ಯೂನಿವರ್ಸಿಟಿ, 1996ರಲ್ಲಿ ಕಣ್ಣೂರು ಯೂನಿವರ್ಸಿಟಿ, ಇಂಜಿನಿಯರಿಂಗಿನವು ಆಮೇಲೆ ಟೆಕ್ನಿಕಲ್ ಯೂನಿವರ್ಸಿಟಿ. ಸೀನಿಯರ್‌ಗಳು ಹೇಳೋದು, ಕ್ಯಾಲಿಕಟ್ ಕಾಲದಲ್ಲಿ ಮ್ಯಾಚಿಗೆ ತೇಂಜಿಪಾಲಂ ತನಕ ಹೋಗಿ ಮೊದಲ ರೌಂಡಲ್ಲಿ ಸೋತು ಬರ್ತಾ ಇದ್ರಂತೆ, ನಾವು ಕಣ್ಣೂರಿಗೆ ಹೋಗಿ ಸೋತು ಬರ್ತಾ ಇದ್ದೆವು. ಟ್ರೈನಿನ ಚಾರ್ಜ್ ಉಳೀತು. ಐದೂ ಮುಕ್ಕಾಲು ಅಡಿಯ ನಾನೇ ನಮ್ಮ ಟೀಮಿನ ಸೆಂಟರ್, ಮುರಕಲ್ಲು ಕಡಿದು ಸಮ ಮಾಡಿದ ಕೋರ್ಟು, ಒಂದೇ ಬದಿಗೆ ರಿಂಗು, ಅದ್ರಲ್ಲಿ ನೆಟ್ಟಿಲ್ಲ, ಬಿದ್ರೆ ಮೊಣಕಾಲಿನ ಚರ್ಮ ಅಲ್ಲೇ ಬಿಟ್ಟು ಬರ್ಬೇಕು. ಯೂನಿವರ್ಸಿಟಿ ಯಾವುದಾದ್ರೆ ಎಂತ.

ಈಗಿನ ಕಾಲ ಮಾತ್ರ ಸ್ವಲ್ಪ ಬೇರೆ, ಅದನ್ನೂ ಹೇಳ್ತೇನೆ, ಇಲ್ಲದಿದ್ರೆ ಭಾವ ಬಂದು ಕೆಳಗೆ ಕಮೆಂಟ್ ಹಾಕ್ತಾರೆ. 2021ರಿಂದ ಅಲ್ಲಿ ಹುಡುಗ್ರು ಒಂದು ವರ್ಷ ಕೂರದೆ ಸೀದಾ ಬೇರೆ ಕಾಲೇಜಿಗೆ ಹೋಗಿ ಆಡಬಹುದು, ತಮ್ಮ ಹೆಸರಲ್ಲಿ ಜಾಹೀರಾತು ಮಾಡಿ ದುಡ್ಡೂ ಮಾಡಬಹುದು. 2025ರ ಜುಲೈ 1ರಿಂದ ಕಾಲೇಜೇ ನೇರ ಸಂಬಳದ ಹಾಗೆ ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ 2 ಕೋಟಿ 5 ಲಕ್ಷ ಡಾಲರ್ ತನಕ. ಆ ದುಡ್ಡು ಬರೋದು ಎಲ್ಲಿಂದ? ಹೆಚ್ಚಾಗಿ ಕಾನ್ಫರೆನ್ಸಿನ ಟಿವಿ ಕಾಂಟ್ರಾಕ್ಟಿಂದ, ಅದೂ ಫುಟ್‌ಬಾಲಿನ ದೆಸೆಯಿಂದ. 2025ರಲ್ಲಿ 68ರಲ್ಲಿ 14 ಟೀಮು ಎಸ್‌ಇಸಿ ಒಂದೇ ಕಾನ್ಫರೆನ್ಸಿನದ್ದು, ಹಿಂದೆ ಯಾವತ್ತೂ ಹಾಗೆ ಆಗ್ಲಿಲ್ಲ. ಸಣ್ಣ ಊರಿನ ಟೀಮು ಒಬ್ಬ ವ್ಯಾನ್‌ವ್ಲೀಟ್‌ನ್ನ ನಾಲ್ಕು ವರ್ಷ ಸಾಕಿ ಬೆಳೆಸೋ ಕಾಲ ಹೋಯ್ತು, ಎರಡನೇ ವರ್ಷಕ್ಕೇ ಯಾರೋ ದೊಡ್ಡವರು ಬಂದು ಗೊನೆ ಕೊಯ್ಕೊಂಡು ಹೋಗ್ತಾರೆ. ಇನ್ನು ಗೊನ್ಝಾಗ ಉಂಟಲ್ಲ, 1999ರಿಂದ ಮಾರ್ಕ್ ಫ್ಯೂ ಅನ್ನೋ ಒಬ್ಬರೇ ಕೋಚ್, ಸಣ್ಣ ವೆಸ್ಟ್ ಕೋಸ್ಟ್ ಕಾನ್ಫರೆನ್ಸಲ್ಲೇ ಇದ್ದು 2017, 2021 ಎರಡು ಫೈನಲ್ ಆಡಿದ್ರು, ಅವ್ರೂ 2026ರ ಜುಲೈಯಿಂದ ಪ್ಯಾಕ್-12 ಅನ್ನೋ ಬೇರೆ ಕಾನ್ಫರೆನ್ಸಿಗೆ ಹೋಗೋದು ಅಂತ ತೀರ್ಮಾನ ಮಾಡಿದ್ದಾರೆ. ಸಣ್ಣ ಗುಂಪಲ್ಲಿದ್ದೂ ದೊಡ್ಡವರಾಗಬಹುದು ಅಂತ ನಾನು ಭಾವನ ಜೊತೆ ವಾದ ಮಾಡ್ತಾ ಇದ್ದದ್ದೇ ಆ ಟೀಮನ್ನ ತೋರಿಸಿ. ಈಗ ಅವರೇ ಹೊರಟ್ರು.

ಆಪಿನ ಉಳಿದ ವಿಷಯ ಬೇಗ ಬೇಗ ಹೇಳಿ ಮುಗಿಸ್ತೇನೆ. ಟೈಮೆಲ್ಲ ಅಮೆರಿಕದ ಪೂರ್ವದ್ದು, ನಮ್ಮ ಟೈಮಿಗೆ ಬದಲಾಯಿಸೋ ಸೆಟ್ಟಿಂಗ್ ಇಲ್ಲ, ಮಾರ್ಚ್ ಎರಡನೇ ಆದಿತ್ಯವಾರ ಅವರು ಗಡಿಯಾರ ಒಂದು ಗಂಟೆ ಮುಂದೆ ಇಡ್ತಾರೆ, ಅದು ಮರೆತು ನಾನು ಒಂದು ಮ್ಯಾಚ್ ಆರೂವರೆಗೆ ಓಪನ್ ಮಾಡಿ ನೋಡಿದ್ರೆ ಸೆಕೆಂಡ್ ಹಾಫ್ ಆಗ್ತಾ ಇತ್ತು. ರೀಪ್ಲೇ ಪಟ್ಟಿಯಲ್ಲಿ ಗೆದ್ದವ್ರು ಕುಣಿಯೋ ಫೋಟೋವನ್ನೇ ಹಾಕ್ತಾರೆ, ಯಾರು ಗೆದ್ದದ್ದು ಅಂತ ಮೊದ್ಲೇ ಗೊತ್ತಾಗಿ ಹೋಗ್ತದೆ, ಕೆಳಗೆ ಎಷ್ಟು ಗಂಟೆಯ ವಿಡಿಯೋ ಅಂತಲೂ ಬರ್ದಿರ್ತದೆ, ಉದ್ದ ಇದ್ರೆ ಓವರ್‌ಟೈಮ್ ಅಂತ ಅರ್ಥ. ನಾನು ಈಗ ಸ್ಕ್ರೀನಿನ ಮೇಲೆ ಹೆಬ್ಬೆಟ್ಟು ಅಡ್ಡ ಇಟ್ಟು ಓಪನ್ ಮಾಡೋದು ಕಲ್ತಿದ್ದೇನೆ. ಒಳ್ಳೇದು ಅಂದ್ರೆ ಇಪ್ಪತ್ತು ನಿಮಿಷದ ಕಟ್ ಮಾಡಿದ ರೀಪ್ಲೇ, ಟೈಮ್‌ಔಟ್, ಜಾಹೀರಾತು, ಫ್ರೀ ಥ್ರೋಗೆ ಮೊದಲು ಬಾಲ್ ಕುಟ್ಟೋದು ಎಲ್ಲಾ ತೆಗೆದು ಆಟ ಮಾತ್ರ, ಇಂಥದ್ದು ಬೇರೆ ಕಡೆ ನನಗೆ ಸಿಕ್ಲಿಲ್ಲ. ಲ್ಯಾಪ್‌ಟಾಪಲ್ಲಿ ನೋಡಿದ್ರೆ ಮೊಬೈಲಿಗಿಂತ ಬಫರಿಂಗ್ ಕಮ್ಮಿ. ಗುಡ್ಡದ ಈ ಬದಿಯ ಟವರಿಗಿಂತ ಆ ಬದಿಯ ಟವರಲ್ಲಿ ಚೆನ್ನಾಗಿ ಬರ್ತದೆ ಅಂತ ನನಗೆ ಅನ್ನಿಸ್ತದೆ, ಭಾವ ಅದಕ್ಕೂ ನಗಾಡ್ತಾರೆ, ನೋಡು ನೀನೇ ಹೇಳ್ತಾ ಇದ್ದಿ, ಗುಂಪು ಬದಲಾಯಿಸಿದ್ರೆ ಒಳ್ಳೇದು ಅಂತ.

ಮೊನ್ನೆ ಆಪಿಂದ ಮೆಸೇಜ್ ಬಂತು, ರಿನ್ಯೂ ಮಾಡಿದ್ರೆ ಹದಿನೈದು ಪರ್ಸೆಂಟ್ ಕಡಿಮೆ, ನಿಮ್ಮ ಇಷ್ಟದ ಟೀಮ್ ವಿಚಿಟಾ ಸ್ಟೇಟಿನ ಎಲ್ಲಾ ಮ್ಯಾಚುಗಳು ಮಿಸೌರಿ ವ್ಯಾಲಿ ಪ್ಯಾಕಲ್ಲಿ ಅಂತ. ನಾನು ಈ ಸಲ ಅದನ್ನೇ ತಗೊಂಡೆ. ಈಗಿನ ಮ್ಯಾಚ್ ಒಂದೂ ಬರೂದಿಲ್ಲ ಅಂತ ಗೊತ್ತುಂಟು. ಮಳೆ ಜೋರಾಗಿ ತೋಟಕ್ಕೆ ಇಳೀಲಿಕ್ಕಾಗದ ದಿನ ಚಾವಡಿಯಲ್ಲಿ ಕೂತು 2014ರ ಜನವರಿಯಿಂದ ಒಂದೊಂದೇ ನೋಡ್ತಾ ಬರ್ತಾ ಇದ್ದೇನೆ, ನಿನ್ನೆಗೆ 24-0 ಆಯ್ತು.